ಹಿತ್ತಿಲಲ್ಲಿ ಮಾಡಿಸಿದ ಆಸನ

ಸಿದ್ದಾಪುರದಲ್ಲಿ ಮನೆಗಳಿಗೆ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಊರವರ ಹಿತ್ತಿಲಿಗೆಲ್ಲ ಅಡುಗೆಕಟ್ಟೆ, ಕೂರುವ ಜಾಗ ಮಾಡಿಸಿಕೊಟ್ಟರೂ ನಮ್ಮ ಮನೆಯ ಹಿಂದೆ ಮಾತ್ರ ಹರಕು ತಗಡಿನ ಮಾಡು, ಅದರಡಿ ಮುರಿದ ಕುರ್ಚಿಗಳು. ನಾಲ್ಕು ವರ್ಷದ ಹಿಂದೆ ಬೇಸಿಗೆ ಶುರುವಾಗುವ ಹೊತ್ತಿಗೆ ಅದನ್ನೆಲ್ಲ ತೆಗೆಸಿದೆ. ಕಪ್ಪು ಗ್ರಾನೈಟಿನ ಕಟ್ಟೆ, ಗ್ಯಾಸ್ ಒಲೆ, ಸಿಂಕು, ಗೋಡೆಯುದ್ದಕ್ಕೂ ಚಿರೆಕಲ್ಲಿನ ಆಸನ, ಮೇಲೆ ಹಳದಿ ದೀಪ. ಬಾವಿಯ ಕಡೆಯಿಂದ ಗಾಳಿ ಬರಲೆಂದು ಆ ಬದಿ ತೆರೆದೇ ಇಟ್ಟೆ.

ಅತ್ತೆಗೆ ಎಪ್ಪತ್ತು ದಾಟಿತ್ತು. ಕೆಲಸ ನಡೆದಷ್ಟು ದಿನವೂ, ಏನು ಕೇಳಿದರೂ “ಅಡ್ಡಿಲ್ಲೆ” ಎನ್ನುತ್ತಿದ್ದರು. ಎಲ್ಲ ಮುಗಿದ ದಿನ ಹಿಂಬಾಗಿಲಲ್ಲಿ ನಿಂತು ನೋಡಿ, “ಹೊರಗೆ ಕೂತ್ಕಂಬಲೆ ಎಷ್ಟು ಚಂದ ಜಾಗ ಆಯ್ದು ತಂಗಿ” ಎಂದರು. ಸೊಸೆಯಾದ ನನ್ನನ್ನು ಅವರು ತಂಗಿ ಎಂದೇ ಕರೆಯುವುದು. ಹೊಗಳಿಕೆ ಎಂದುಕೊಂಡು ನಾನು ನಕ್ಕೆ.

ಅಂದು ಸಂಜೆ ಅಲ್ಲೇ ದೋಸೆ ಎರೆದೆ. ಅತ್ತೆ ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಮರುದಿನವೂ ಹಾಗೇ ಮಾಡಿದರು. ಹತ್ತು ದಿನ ಕಳೆದರೂ ಅವರು ಹೊಸಿಲು ದಾಟಿ ಹಿತ್ತಿಲಿಗೆ ಬರಲಿಲ್ಲ. ನನಗೆ ಬೇಸರವಾಗಿತ್ತು. ಒಂದು ಮಧ್ಯಾಹ್ನ ಅವರು ಅಕ್ಕಿ ಆರಿಸುತ್ತಿದ್ದಾಗ ಕೇಳಿಯೇಬಿಟ್ಟೆ.

“ಅತ್ತೆ, ಆನು ಮಾಡ್ಸಿದ್ದು ನಿಂಗಕ್ಕೆ ಇಷ್ಟ ಆಗಲ್ಯಾ?”

ಅವರ ಕೈ ಮೊರದ ಮೇಲೆ ನಿಂತಿತು. “ನೀ ಆಸನ ಮಾಡ್ಸಿದ್ದು ಎನ್ನ ಮೂಲೆಲಿ. ತಿಂಗಳಿಗೆ ಮೂರು ದಿನ ಅಲ್ಲೇ ಚಾಪೆ, ಅಲ್ಲೇ ಊಟ.”

ಹೊರಗೆ ಕೂರುವುದು ಎಂದರೆ ನಮ್ಮ ಕಡೆ ಮುಟ್ಟಿನ ಮೂರು ದಿನ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕೂರಿಸಿರಲಿಲ್ಲ. ಅದು ಗಂಡನ ತಿಳಿವಳಿಕೆ ಎಂದುಕೊಂಡಿದ್ದೆ. ಕೂರಿಸಬಾರದೆಂದು ತೀರ್ಮಾನಿಸಿದ್ದವರು ಅತ್ತೆ ಎಂದು ತಿಳಿದದ್ದು ಆವತ್ತು.

ನನ್ನ ಗಂಡ ಹುಟ್ಟುವ ಮೊದಲು ಅವರಿಗೆ ನಾಲ್ಕು ವರ್ಷದ ಮಗಳಿದ್ದಳು. ‘ಒಂದು ಉಳಿಯಲಿಲ್ಲ’ ಎಂಬುದಷ್ಟೇ ಗಂಡನಿಗೂ ಗೊತ್ತಿತ್ತು.

“ಆನು ಹೊರಗೆ ಕೂತ ಎರಡನೇ ದಿನ ಕೂಸು ಹಿಂಬಾಗಿಲಿಗೆ ಬಂತು,” ಅತ್ತೆ ಹೇಳಿದರು. “ಎತ್ಕ ಹೇಳಿ ಕೈ ಚಾಚ್ತು. ಹತ್ರ ಬರಡ, ಮುಟ್ಟಡ ಅಂದಿ. ಹೇಳಿದ ಮಾತು ಕೇಳ್ತಿತ್ತು ಅದು. ಹೊಸಿಲ ಮೇಲೇ ಕೂತ್ಬಿಡ್ತು. ಆನು ಮೂಲೆಯಿಂದಲೇ ಕಥೆ ಹೇಳ್ತಾ ಹೋದಿ. ಕೇಳ್ತಾ ಕೇಳ್ತಾ ಅಲ್ಲೇ ನಿದ್ದೆ ಹೋತು.”

ಅತ್ತೆಯ ಅತ್ತೆ ಬಂದು ಮಗುವನ್ನು ಒಳಗೆ ಮಲಗಿಸಿದರಂತೆ. ಸಣ್ಣ ಜ್ವರವೆಂದು ಕಷಾಯ ಕುಡಿಸಿದರಂತೆ. ನಾಲ್ಕನೇ ದಿನ ಬೆಳಿಗ್ಗೆ ಅತ್ತೆ ಮಿಂದು ಒಳಗೆ ಹೋಗಿ ಮುಟ್ಟಿದರೆ ಮೈ ಕೆಂಡವಾಗಿತ್ತು. ಮಗು ಕಣ್ಣು ತೆರೆಯಿತು, ಅಮ್ಮನ ಗುರುತು ಹತ್ತಲಿಲ್ಲ. ಶಿರಸಿಗೆ ಒಯ್ದರು. ಮಾರನೇ ದಿನ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದರು.

“ಎತ್ಕಂಡಿದ್ರೆ ಬದುಕ್ತಿತ್ತು ಹೇಳಿ ಅಲ್ಲ ತಂಗಿ. ಮೈ ಸುಡ್ತು ಹೇಳಿ ಆದ್ರೂ ಎಂಗೆ ಅವತ್ತೇ ಗೊತ್ತಾಗ್ತಿತ್ತು.”

ಮತ್ತೆ ಅಕ್ಕಿ ಆರಿಸತೊಡಗಿದರು.

ಆ ಸಂಜೆ ಗಂಡನಿಗೆ ವಿಷಯ ಹೇಳಿದೆ. ಬೆಳಿಗ್ಗೆ ಎದ್ದವರೇ “ಆ ಆಸನ ಒಡೆಸಿಬಿಡು” ಎಂದರು. ಮೇಸ್ತ್ರಿಯನ್ನು ಕರೆಸಿದೆ. ಮೊದಲ ಏಟಿಗೆ ಕಲ್ಲಿನ ಒಂದು ಅಂಚು ಹಾರಿತು. ಸದ್ದಿಗೆ ಅತ್ತೆ ಬಾಗಿಲಿಗೆ ಬಂದರು.

“ಒಡೀಬೇಡ ಮಾರಾಯ. ಕಲ್ಲು ತೆಗೆದ್ರೆ ಮೂಲೆ ಎಲ್ಲಿಗೆ ಹೋಗ್ತದೆ?” ಎಂದು ಮೇಸ್ತ್ರಿಗೆ ಹೇಳಿ, ನಮ್ಮತ್ತ ತಿರುಗಿದರು. “ಜನ ಕೂತ್ಕಳ್ಲಿ. ಖಾಲಿ ಬಿಟ್ರೆ ಎಂಗೆ ಅದೇ ಕಾಣ್ತು.”

ಹಾಗಾಗಿ ಕೂತೆವು. ನೆಂಟರು ಬಂದು ಕೂತರು, ಫೋಟೋ ತೆಗೆದರು, ಇಂಥದ್ದೇ ನಮಗೂ ಮಾಡಿಕೊಡು ಎಂದರು. ನಾನು ಮಾತ್ರ ಹಿಂಬಾಗಿಲಿಗೆ ಬೆನ್ನು ಹಾಕಿಯೇ ಕೂರುತ್ತಿದ್ದೆ. ದೀಪದ ಬೆಳಕು ಹೊಸಿಲ ತನಕ ಹೋಗುತ್ತಿತ್ತು. ಅಲ್ಲಿ ಯಾರೋ ಮಾತು ಕೇಳಿ ಸುಮ್ಮನೆ ಕೂತಿದ್ದಾರೆ ಎನಿಸುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ದಿನ, ಮುಟ್ಟಿನ ಸೊಂಟನೋವಿಗೆ ಆ ಆಸನದ ಮೇಲೇ ಮಲಗಿದ್ದೆ. ಅತ್ತೆ ಹೊಸಿಲು ದಾಟಿ ಬಂದರು. ಪಕ್ಕದಲ್ಲಿ ಕೂತು ನನ್ನ ಹಣೆಯ ಮೇಲೆ ಅಂಗೈ ಇಟ್ಟರು. ಎಷ್ಟೋ ಹೊತ್ತು ತೆಗೆಯಲಿಲ್ಲ.

“ಜ್ವರ ಇಲ್ಲೆ” ಎಂದರು.

ಜ್ವರವಿದೆ ಎಂದು ನಾನು ಹೇಳಿರಲೇ ಇಲ್ಲ. ಅಂದಿನಿಂದ ಅವರು ಅಲ್ಲಿಗೆ ಬರುತ್ತಾರೆ, ಸ್ವಲ್ಪ ಹೊತ್ತು ಕೂರುತ್ತಾರೆ.

ಕಳೆದ ತಿಂಗಳು ಇಡಗುಂದಿಯ ಒಂದು ಮನೆಗೆ ಅಳತೆ ತೆಗೆಯಲು ಹೋಗಿದ್ದೆ. ಅಲ್ಲಿನ ಸೊಸೆಗೆ ಹಿತ್ತಿಲಲ್ಲಿ ಅಡುಗೆಕಟ್ಟೆ ಬೇಕಿತ್ತು. “ಇಲ್ಲಿ ಮೊದಲು ಎಂತ ಇತ್ತು?” ಎಂದು ಆ ಮನೆಯ ಅಜ್ಜಿಯನ್ನು ಕೇಳಿದೆ. ಅವರು ಗೋಡೆಯ ಬುಡವನ್ನೇ ನೋಡುತ್ತ ನಿಂತು, “ಎಂತೂ ಇತ್ತಿಲ್ಲೆ” ಎಂದು ಒಳಗೆ ಹೋದರು.

ನಾನು ನಕ್ಷೆಯಲ್ಲಿ ಕಟ್ಟೆಯನ್ನು ಆ ಗೋಡೆಯ ಎದುರು ಬದಿಗೆ ಬರೆದೆ. ಗೋಡೆಯ ಬದಿ ಯಾಕೆ ಬೇಡ ಎಂದು ಸೊಸೆ ಕೇಳಿದಳು. ಅಲ್ಲಿ ಬಿಸಿಲು ಹೊಡೆಯುತ್ತದೆ ಎಂದೆ. ನಡುಮಧ್ಯಾಹ್ನದಲ್ಲೂ ಆ ಗೋಡೆಯ ಬುಡದಲ್ಲಿ ನೆರಳಿತ್ತು.