ನನ್ನ ಟಕಾರದ ಕ್ಯಾಸೆಟ್ಟುಗಳು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್ ಬಡಾವಣೆಯ ಬಾಡಿಗೆ ಮನೆಯಲ್ಲಿದ್ದುಕೊಂಡು ನಾನು ಪಿಎಚ್.ಡಿ. ಮಾಡುತ್ತಿದ್ದೆ. ಸ್ಪ್ಯಾನಿಶ್ ಮನೆಮಾತಿನವರು ಎಷ್ಟನೇ ವಯಸ್ಸಿಗೆ ಇಂಗ್ಲಿಷ್ ಕಲಿತರೆ ಅವರ ಉಚ್ಚಾರ ಹೇಗಿರುತ್ತದೆ ಎಂಬುದು ನನ್ನ ವಿಷಯ. ಮೈಸೂರಿನವಳಿಗೆ ಇದೇನು ಉಸಾಬರಿ ಎಂದು ಮನೆಮಂದಿಯೆಲ್ಲ ನಕ್ಕಿದ್ದರು.

ಮಾತಾಡಿಸಲು ಜನರನ್ನು ಹುಡುಕಿಕೊಟ್ಟವಳು ನಮ್ಮ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ ಕೊಲಂಬಿಯಾದ ಹೆಂಗಸು. ಮೂವತ್ತೈದು ದಾಟಿದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಬಂದವಳು. ಐದು ವರ್ಷದವಳಿದ್ದಾಗ ಜೊತೆಗೆ ಬಂದ ಮಗಳು ಇಲ್ಲೇ ಹುಟ್ಟಿದವಳಂತೆ ಮಾತಾಡುತ್ತಿದ್ದಳು. ಡಾಕ್ಟರಿಗೆ ಫೋನ್ ಮಾಡಬೇಕೆಂದರೂ ಮಗಳೇ ಬೇಕು. ತಾಯಿಗೆ ತನ್ನ ಇಂಗ್ಲಿಷ್ ಎಂದರೆ ನಾಚಿಕೆ.

ಅವರಿಬ್ಬರೂ ಸೇರಿ ಇಪ್ಪತ್ತು ಜನರ ಧ್ವನಿಯನ್ನು ಕ್ಯಾಸೆಟ್ಟಿಗೆ ಇಳಿಸಿ ಜಂಬದಿಂದ ನನ್ನ ಗೈಡ್ ಮುಂದಿಟ್ಟೆ. ಅವರು ಕೇಳಿ ಹುಬ್ಬೇರಿಸಿದರು. "ದೊಡ್ಡವರಾದ ಮೇಲೆ ಕಲಿತವರೆಲ್ಲ ಥೇಟ್ ನಿನ್ನ ಹಾಗೇ ಮಾತಾಡ್ತಾರಲ್ಲ?"

ಆಗ ಹೊಳೆಯಿತು. ನಮ್ಮ ಶಾಲೆಯಲ್ಲಿ ಮಗ್ಗಿ ಹೇಳಿಕೊಡುತ್ತಿದ್ದಂತೆ, ಪ್ರತಿ ಪದವನ್ನೂ ಮೊದಲು ನಾನು ಹೇಳಿ ಆಮೇಲೆ ಅವರಿಂದ ಹೇಳಿಸಿದ್ದೆ. ಚಿಕ್ಕಂದಿನಲ್ಲಿ ಕಲಿತವರು ನನ್ನ ಉಚ್ಚಾರವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಉಳಿದವರು ಪಾಪ, ನಾಲಿಗೆಯನ್ನು ಮೇಲಕ್ಕೆ ಮಡಚಿ ನನ್ನ ಕನ್ನಡದ ಟಕಾರವನ್ನೇ ಭಕ್ತಿಯಿಂದ ಒಪ್ಪಿಸಿದ್ದರು. ಮೊದಲೇ ಮುಂಗೋಪಿ ನಾನು, ಕ್ಯಾಸೆಟ್ಟುಗಳನ್ನೆಲ್ಲ ಗೋಡೆಗೆ ಎಸೆಯಬೇಕೆನಿಸಿತು. ವೀಸಾ ಮುಗಿಯಲು ಎರಡು ತಿಂಗಳಿತ್ತು. ಮತ್ತೆ ರೆಕಾರ್ಡ್ ಮಾಡದಿದ್ದರೆ ನಾಲ್ಕು ವರ್ಷದ ಕೆಲಸ ನೀರುಪಾಲು.

ಕ್ಯಾಂಟೀನಿಗೆ ಹೋಗಿ, ಎಲ್ಲರದ್ದೂ ಮತ್ತೆ ರೆಕಾರ್ಡ್ ಮಾಡಬೇಕೆಂದು ಆ ಹೆಂಗಸಿಗೆ ಹೇಳಿದೆ. ಅವಳ ಮುಖ ಬಾಡಿತು.

"ನಾನು ಸರಿಯಾಗಿ ಹೇಳ್ಲಿಲ್ವಾ?"

"ನೀವು ಸರಿಯಾಗೇ ಹೇಳಿದ್ರಿ. ತಪ್ಪು ನಂದು."

ಇಂಗ್ಲಿಷಿನಲ್ಲಿ ತಪ್ಪು ಬೇರೆಯವರದ್ದೂ ಆಗಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲವೇನೋ, ನನ್ನನ್ನೇ ನೋಡುತ್ತ ನಿಂತಳು. ಅವಳ ಹೊಟ್ಟೆ ತಣ್ಣಗಿರಲಿ, ಮುಂದಿನ ಭಾನುವಾರ ಎಲ್ಲರನ್ನೂ ಚರ್ಚಿನ ಹಾಲ್‌ಗೆ ಕರೆತಂದಳು. ಒಬ್ಬರೂ ಗೊಣಗಲಿಲ್ಲ. ಅಷ್ಟು ಜನರ ಋಣ ನನ್ನ ಮೇಲಿದೆ.

ಈ ಸಲ ಪಕ್ಕದ ಕೋಣೆಗೆ ಒಬ್ಬೊಬ್ಬರನ್ನೇ ಕರೆದು, ಪದಗಳನ್ನು ಕಾಗದದಲ್ಲಿ ಬರೆದುಕೊಟ್ಟು ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅವಳು ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಬಂದಳು. ಮೊದಲ ಪದದ ಮೇಲೆ ಬೆರಳಿಟ್ಟು ಅದನ್ನೇ ಮತ್ತೆ ಮತ್ತೆ ನೋಡಿದಳು. ಹೇಳಿಕೊಡುವವರು ಯಾರೂ ಇರಲಿಲ್ಲ. ಅಮ್ಮನ ಅವಸ್ಥೆ ನೋಡಲಾರದೆ ಮಗಳು ಪಕ್ಕಕ್ಕೆ ಬಂದು ಮೊದಲ ಪದವನ್ನು ಪಿಸುಗುಟ್ಟಿದಳು.

ಅವಳು ಮಗಳನ್ನು ಆಚೆ ಕಳಿಸಿ ಬಾಗಿಲು ಹಾಕಿಕೊಂಡಳು. ಆಮೇಲೆ ನಲವತ್ತು ಪದಗಳನ್ನೂ, ತನ್ನದೇ ಉಚ್ಚಾರದಲ್ಲಿ, ಗಟ್ಟಿಯಾಗಿ ಓದಿದಳು.