ಪಂಡರಿ ಕಾಕಾನ ಹಸಿ ಮಂತ್ರದಂಡ

ಪಂಡರಿ ಕಾಕಾ ಮಾತಿಗೆ ಕೂತರೆ ಎದುರಿನವರು ಕೆಲಸ ಮರೆಯಬೇಕು. ಕೊಹಿನೂರು ಎಂಬ ಹಳ್ಳಿಯ ಕುರಿ ಕಾಯುವ ಮನೆತನದವರು. ವಯಸ್ಸು ಕೇಳಿದರೆ "ಕುರಿಗೆ ನೋಡಿದಂಗ ಹಲ್ಲು ನೋಡ್ಕೋರಿ" ಎಂದು ಬಾಯಿ ತೆರೆಯುತ್ತಾರೆ. ಭಾನುವಾರ ಕುರಿಗಳನ್ನು ತಮ್ಮನಾದ ಗೋವರ್ಧನನಿಗೆ ಒಪ್ಪಿಸಿ, ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ ಹುಮನಾಬಾದಿಗೆ ಬರುತ್ತಾರೆ. ಕೈಚೀಲದಲ್ಲಿ ಮಗಳು ಧನಶ್ರೀಗೆ ಜೋಳದ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ. ಅವಳು ಇಲ್ಲಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತ ಬಾಡಿಗೆ ಕೋಣೆಯಲ್ಲಿದ್ದಾಳೆ. ಆದರೆ ಭಾನುವಾರ ಮಧ್ಯಾಹ್ನ ಆ ಕೋಣೆಯಲ್ಲಿ ಸಿಗುವುದಿಲ್ಲ. ಬಸ್ ನಿಲ್ದಾಣದ ಹತ್ತಿರ ನನ್ನ ಫೋಟೋ ಫ್ರೇಮ್ ಅಂಗಡಿಯಿದೆ, ಅದರ ಮೇಲಿನ ಕೋಣೆಯಲ್ಲಿ ನಮ್ಮ ಆಟ.

ಆಟವೆಂದರೆ ಇಸ್ಪೀಟಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯೊಳಗೆ ಹೊಕ್ಕು "ನಾನು ಹೀಗೆ ಮಾಡಿದೆ" ಅನ್ನಬೇಕು. ಅದರಿಂದ ಏನಾಯಿತು ಎಂಬುದನ್ನು ಕಥೆ ನಡೆಸುವ ನಾನು, ಸಂಘರತ್ನ, ಹೇಳಬೇಕು. ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಥೆಯೊಳಗೆ ಎಲ್ಲರ ಕೈಯಲ್ಲೂ ಒಂದು ಮಂತ್ರದಂಡ. ಅದರ ನಿಯಮ ನಾನೇ ಮಾಡಿದ್ದು, ಆ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಜಂಬ. ಮಂತ್ರದಂಡ ಮೊದಲಿಗೆ ಬರೀ ಕಡ್ಡಿ. ಒಡೆಯ ಮಾಡಿಸಿದ್ದನ್ನೇ ಕಲಿಯುತ್ತದೆ, ಅವನ ಗುಣವನ್ನೇ ಹಚ್ಚಿಕೊಳ್ಳುತ್ತದೆ. ಬೇಕರಿಯ ಅಸದ್ ಮಾತುಮಾತಿಗೆ ಸಿಟ್ಟಾಗುವವನು. ಅವನ ದಂಡ ಈಗ ಹೆಸರು ಕರೆದರೆ ಸಾಕು, ಬೆಂಕಿ ಕಾರುತ್ತದೆ; ಯಾರಾದರೂ ನಕ್ಕರೆ ಮುನಿಸಿಕೊಳ್ಳುತ್ತದೆ. ಧನಶ್ರೀ ಆಟದಲ್ಲಿ ವೈದ್ಯೆ. ಮೊದಲು ಒಂದು ತರಚುಗಾಯವನ್ನೂ ವಾಸಿಮಾಡಲಾಗದ ಅವಳ ದಂಡಕ್ಕೆ ಎರಡು ವರ್ಷದಲ್ಲಿ ಚಿಗುರು ಬಂದಿತ್ತು. ಅವಳು ನಿದ್ದೆ ಹೋದರೂ ಗಾಯಾಳುವಿನ ಪಕ್ಕ ಅದು ಎಚ್ಚರವಿರುತ್ತಿತ್ತು. ಒಡತಿ ಸತ್ತರೆ ಮಾತ್ರ ದಂಡವೂ ಬೂದಿ. ಮತ್ತೆ ಬರೀ ಕಡ್ಡಿಯಿಂದ ಶುರುಮಾಡಬೇಕು.

ಜೂನಿನಲ್ಲಿ ಮಿರಗದ ಮಳೆ ಬಿದ್ದ ಹೊಸತರಲ್ಲಿ, ಮಗಳ ಆಟ ಮುಗಿಯುವುದನ್ನು ಕಾದು ಕಾದು ಬೇಸತ್ತ ಕಾಕಾ, "ನನಗೂ ಒಂದ್ ಬಡಿಗಿ ಕೊಡ್ರಿ ಮಾಸ್ತರ" ಎಂದರು. ನಾನು ಯಾರಿಗೂ ಪಾಠ ಹೇಳಿದವನಲ್ಲ. ಆದರೂ ಅವರಿಗೆ ನಾನು ಮಾಸ್ತರ. ಖುಷಿಯಿಂದ ಕೊಟ್ಟೆ. ಅಲ್ಲಿಂದ ನನ್ನ ತಲೆನೋವು ಶುರುವಾಯಿತು.

"ಯಾವ ಗಿಡದ್ದರಿ?" ಎಂದು ಕೇಳಿದರು.

"ಬಾರಿ ಗಿಡದ್ದು" ಎಂದೆ, ಬೋರೆಹಣ್ಣಿನ ಗಿಡವೇ ಬಾಯಿಗೆ ಬಂದದ್ದು.

"ಛಲೋ ಆತು. ಕಡದದ್ದು ಯಾವಾಗ?"

"ಇವತ್ತ ಅಂತ ಹಿಡೀರಿ."

"ಹಂಗಾರ ಹಸಿ ಅದ. ಕುಸುಬಿ ಎಣ್ಣಿ ಹಚ್ಚಿ ಧರ್ಮಶಾಲಿ ಒಲಿ ಮ್ಯಾಲ ಕಟ್ಟೇನಿ. ಮಳಿಗಾಲ ಮುಗಿಯೋತನ ಹೊಗಿ ಕುಡೀಲಿ."

ಕಥೆಯ ಮಂದಿ ತಂಗುವ ಧರ್ಮಶಾಲೆ ಅದು. ಊರಿನಲ್ಲಿ ಕಾಕಾನ ಮನೆಯಲ್ಲಿ ನಿಜವಾಗಿ ನಡೆಯುವುದೂ ಹೀಗೆ. ಹೊಸ ಬಡಿಗೆಗೆ ಎಣ್ಣೆ ಸವರಿ ಒಲೆಯ ಮೇಲೆ ತೂಗುಹಾಕುತ್ತಾರೆ, ಮಳೆಗಾಲ ಕಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಹಸಿಯಲ್ಲೇ ಹಿಡಿದರೆ ಬಾಗುತ್ತದೆ, ಒಮ್ಮೆ ಬಾಗಿದ್ದು ಮತ್ತೆ ನೆಟ್ಟಗಾಗದು ಎನ್ನುತ್ತಾರೆ. ಮಂತ್ರದಂಡ ಬಳಸಿದರೆ ಮಾತ್ರ ಬೆಳೆಯುತ್ತದೆ ಎಂದು ನಾನು ಗಂಟಲು ಹರಿದುಕೊಂಡೆ. "ನೀವ್ ನಿಮ್ಮ ಕಥಿ ನೋಡ್ಕೋರಿ, ಬಡಿಗಿ ನನಗ ಬಿಡ್ರಿ" ಎಂದುಬಿಟ್ಟರು.

ಹೀಗಾಗಿ ಉಳಿದವರು ರಾಕ್ಷಸರೊಡನೆ ಹೋರಾಡುವಾಗ ಕಾಕಾ ಬರಿಗೈಯಲ್ಲಿ ಹಿಂದೆ ನಿಂತು, ಗುಂಪು ಚದುರದಂತೆ "ಹುರ್ರ್, ಹುರ್ರ್" ಎಂದು ತಮ್ಮವರನ್ನೇ ಅಟ್ಟುತ್ತಿದ್ದರು. ಪ್ರತಿ ಭಾನುವಾರ ಮೆಟ್ಟಿಲು ಹತ್ತುತ್ತಲೇ ಮೊದಲ ಪ್ರಶ್ನೆ: "ನನ್ನ ಬಡಿಗಿ ಹ್ಯಾಂಗ ಅದರಿ?" ಬಣ್ಣ ತಿರುಗಿದೆ, ಸಿಪ್ಪೆ ಬಿಟ್ಟಿದೆ ಎಂದು ನಾನು ವರದಿ ಒಪ್ಪಿಸಬೇಕು. ಒಮ್ಮೆ ತಲೆಕೆಟ್ಟು "ಇಲಿ ಕಡದದ" ಎಂದುಬಿಟ್ಟೆ. ಕಾಕಾ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು, ಮುಖ ಸಣ್ಣದಾಯಿತು. ಧನಶ್ರೀ ನನ್ನನ್ನು ನುಂಗುವಂತೆ ನೋಡಿದಳು. ಇಲಿ ಕಡಿದದ್ದು ಬೇರೆ ಯಾರದೋ ಕೋಲನ್ನು ಎಂದು ಸಾಧಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಶ್ರಾವಣದ ಒಂದು ಭಾನುವಾರ ಕಥೆ ಧರ್ಮಶಾಲೆಯ ಹಿತ್ತಲಿನ ಬಾವಿಗೆ ಬಂತು. ನೀರು ಸೇದಲು ಬಗ್ಗಿದ ಧನಶ್ರೀಯ ಕೈಯನ್ನು ಬಾವಿಯೊಳಗಿನ ನೆರಳೊಂದು ಹಿಡಿದೆಳೆಯಿತು. ದಾಳ ಅವಳ ಪರ ಬೀಳಲಿಲ್ಲ. ಚಿಗುರಿದ ದಂಡದ ಸಮೇತ ನೀರಿಗೆ ಬಿದ್ದಳು. ಅಸದನ ಬೆಂಕಿ ನೀರು ತಾಗಿದ್ದೇ ಚುಸ್ ಎಂದು ಆರಿತು.

"ಇನ್ನೊಂದ್ ಸರದಿ ಅಷ್ಟ. ಆಮ್ಯಾಲ ಉಸಿರು ನಿಲ್ತದ" ಎಂದೆ. ನನಗೂ ಹೇಳಲು ಮನಸ್ಸಿರಲಿಲ್ಲ, ಆದರೆ ನಿಯಮ ನಿಯಮವೇ. ಧನಶ್ರೀ ತುಟಿ ಕಚ್ಚಿಕೊಂಡಳು. ಎರಡು ವರ್ಷ ಬೆಳೆಸಿದ್ದು ಕಣ್ಣೆದುರೇ ಹೋಗುತ್ತಿತ್ತು. ನಗಲು ನೋಡಿದಳು, ಆಗಲಿಲ್ಲ.

ಕಾಕಾ ಎದ್ದು ನಿಂತರು. ತಲೆಯ ಮೇಲೆ ಕೈ ಚಾಚಿ, ಗಾಳಿಯಲ್ಲೇ ಗಂಟು ಬಿಚ್ಚತೊಡಗಿದರು.

"ಕಾಕಾ, ಏನ್ ಮಾಡಾಕತ್ತೀರಿ?" ಎಂದ ಅಸದ್.

"ಬಡಿಗಿ ಇಳಸಾಕತ್ತೇನಿ."

"ಇನ್ನಾ ಹಸಿ ಅದಲ್ರಿ!"

"ಹಸಿ ಅದ ಅಂತ ನೀ ನನಗ ಹೇಳ್ತಿ ಏನು? ಮಾಸ್ತರ, ಬಾವ್ಯಾಗ ಇಳಿಬಿಟ್ಟೇನಿ. ದಾಳ ಕೊಡ್ರಿ ಜಲ್ದಿ!"

"ಅಂಕಿ ಕಮ್ಮಿ ಬಿದ್ರ ಕೋಲು ಕೆಡ್ತದ ನೋಡ್ರಿ" ಎಂದು ನಾನು ಎಚ್ಚರಿಸುತ್ತಿದ್ದಂತೆಯೇ ಎಸೆದರು. ದಾಳ ಮೇಜಿನಿಂದ ಹಾರಿ ಹಳೆಯ ಫ್ರೇಮುಗಳ ಸಂದಿಗೆ ಉರುಳಿತು. ಅಸದ್ ಮೊಣಕಾಲೂರಿ ಇಣುಕಿ ನೋಡಿ, ಸಪ್ಪೆ ದನಿಯಲ್ಲಿ "ಆರು" ಎಂದ.

ಆರು ಬಿದ್ದರೆ ದಂಡ ಕೆಲಸ ಮಾಡುತ್ತದೆ, ಆದರೆ ತಾನು ಕೆಡುತ್ತದೆ. ನಾನು ಮೆಲ್ಲಗೆ ಹೇಳಿದೆ: "ಭಾರಕ್ಕ ತುದಿ ಬಾಗ್ತು ಕಾಕಾ. ಕುಡಗೋಲಿನಂಗ ಆತು. ಇನ್ನ ನೆಟ್ಟಗಾಗಂಗಿಲ್ಲ." ಇಷ್ಟು ವಾರಗಳ ಎಣ್ಣೆ, ಹೊಗೆ, ವಿಚಾರಣೆ ಎಲ್ಲ ನೀರುಪಾಲಾಯಿತು.

"ಹಾಳಾಗ್ಲಿ ಅದು!" ಕಾಕಾ ಮೇಜು ಗುದ್ದಿದರು. "ನನ್ನ ಮಗಳು ಮ್ಯಾಲ ಬಂದಾಳೋ ಇಲ್ಲೋ, ಅದನ್ ಹೇಳ್ರಿ ಮೊದಲ!"

ಅದನ್ನೇ ಹೇಳಲು ಮರೆತಿದ್ದೆ. "ಬಂದಾಳ್ರಿ. ಬಾಗಿದ ಕೊನಿ ಹಿಡ್ಕೊಂಡು ಬಂದಾಳ. ಮುಳುಗೋರನ್ನ ಎತ್ತೋದು ನಿಮ್ಮ ಕೋಲು ಇವತ್ತ ಕಲಿತದ. ಇನ್ನ ಅದು ಬ್ಯಾರೆ ಯಾರ ಕೈಗೂ ಬರಂಗಿಲ್ಲ."

ಅಸದ್ ಕೂಗಿದ ಕೂಗಿಗೆ ಪಕ್ಕದ ಚಹಾದಂಗಡಿಯವರು ಏನಾಯಿತೆಂದು ಮೆಟ್ಟಿಲೇರಿ ಬಂದರು. ಧನಶ್ರೀ ನಗುತ್ತ ಅಳುತ್ತ ಕುರ್ಚಿಗೆ ಒರಗಿದಳು. ಕಾಕಾ ಹೆಗಲ ಮೇಲಿನ ಟವೆಲು ತೆಗೆದು, ಒಂದು ಹನಿ ನೀರೂ ಸೋಕದ ಅವಳ ತಲೆಯನ್ನು ಗಸಗಸ ಒರೆಸತೊಡಗಿದರು.

"ಅಪ್ಪಾ, ಮಂದಿ ನೋಡಾಕತ್ತಾರ" ಎಂದಳು.

"ನೋಡ್ಲಿ ಬಿಡು. ಸುಮ್ನ ಕೂಡು ಜರಾ, ನೆಗಡಿ ಆದೀತು."