ಮಡಿಯೆಂದು ತಿಳಿದದ್ದು

ಸುಮಿತ್ರಾ ಮಂಗಳವಾರ ಬೆಳಗಿನ ಜಾವ ಮಣಿನಗರದ ಬಾಡಿಗೆ ಕೋಣೆಯಲ್ಲಿ ತೀರಿಕೊಂಡಳು. ಹೃದಯಾಘಾತ. ಐವತ್ತೆರಡು ವರ್ಷ.

ಸುದ್ದಿ ಕೇಳಿದ ಶಾರದಾಗೆ ಅಳು ಬರಲಿಲ್ಲ. ತಲೆ ಎತ್ತಲಾಗಲಿಲ್ಲ, ಅಷ್ಟೆ. ಇಬ್ಬರೂ ಕುಂದಾಪುರದ ಕಡೆಯವರು. ಇಬ್ಬರ ಗಂಡಂದಿರೂ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವರು. ಗಂಡ ಸತ್ತ ಮೇಲೆ ಸುಮಿತ್ರಾ ಅದೇ ನಗರದ ಬೋಪಾಲ್ ಬಡಾವಣೆಯ ಫ್ಲ್ಯಾಟೊಂದರಲ್ಲಿ ಮಗು ನೋಡಿಕೊಳ್ಳಲು ಸೇರಿದ್ದಳು. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನ ಮೇದಿನಿ, ಅವಳ ನಾಲ್ಕು ವರ್ಷದ ಮಗಳು ವರ್ಷಿಣಿ. ಮೇದಿನಿಯ ಗಂಡನ ಕೆಲಸ ಸೂರತ್ತಿನಲ್ಲಿ.

ಒಮ್ಮೆ ಸುಮಿತ್ರಾ ಮರೆತುಹೋದ ಕನ್ನಡಕ ಕೊಡಲು ಶಾರದಾ ಅಲ್ಲಿಗೆ ಹೋದಳು. ಬಾಗಿಲಲ್ಲೇ ಸೀರೆ ಬದಲಿಸಿದ ಸುಮಿತ್ರಾ ಕೈಗಳನ್ನು ಮೊಣಕೈವರೆಗೆ ಏಳು ಸಲ ತೊಳೆಯುತ್ತಿದ್ದಳು. ಮೇದಿನಿ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು. ಶಾರದಾ ಕುಳಿತೆದ್ದ ಕುರ್ಚಿಯನ್ನೂ ಮೇದಿನಿ ಅವಳೆದುರೇ ಒರೆಸಿದಳು. ಊರಲ್ಲಿ ಒಡೆಯರ ಹಿತ್ತಿಲಿನಲ್ಲಿ ಅಮ್ಮನ ಬೊಗಸೆಗೆ ಮೇಲಿಂದ ನೀರು ಸುರಿಯುತ್ತಿದ್ದುದು ಶಾರದಾಗೆ ನೆನಪಾಯಿತು. ಇದು ಮಡಿಯೇ ಎನ್ನಲು ಅವಳಿಗೆ ಬೇರೆ ಪುರಾವೆ ಬೇಕಿರಲಿಲ್ಲ.

ಮುಂದಿನ ಭಾನುವಾರ ಕನ್ನಡ ಸಂಘದ ಊಟದಲ್ಲಿ ಅದನ್ನೆಲ್ಲ ಅಭಿನಯಿಸಿ ತೋರಿಸಿದಳು. ಜನ ನಕ್ಕರು, ಆಮೇಲೆ ಸಿಟ್ಟಾದರು. ಮೇದಿನಿ ಮತ್ತೆ ಸಂಘಕ್ಕೆ ಬರಲಿಲ್ಲ, ಮಗುವೂ ಬರಲಿಲ್ಲ.

ಕೆಲಸ ಬಿಡು ಎಂದರೆ ಸುಮಿತ್ರಾ ಒಪ್ಪಲಿಲ್ಲ. "ನಿಂಗೆ ಗೊತ್ತಿಲ್ಲ, ಶಾರದಾ," ಎಂದಳು.

"ಎಂತ ಗೊತ್ತಿಲ್ಲ ಮಾರಾಯ್ತಿ? ಅವಳ ಮನೆ ಉಪ್ಪು ನಿನ್ನ ನಾಲಿಗೆ ಕಟ್ಟಿತಾ?"

ಶಾರದಾ ನಾಲ್ಕು ತಿಂಗಳು ಅವಳೊಡನೆ ಮಾತು ಬಿಟ್ಟಳು.

ಸುಮಿತ್ರಾ ತೀರಿಕೊಂಡ ಮೂರನೆಯ ದಿನ ಮೇದಿನಿ ಮಣಿನಗರಕ್ಕೆ ಬಂದಳು. ಸುಮಿತ್ರಾಳ ಕೋಣೆಯಲ್ಲಿ ಶಾರದಾಳೆದುರು ನೆಲದ ಮೇಲೆಯೇ ಕುಳಿತಳು. ಅವಳ ಕೈಗಳು ಸುಣ್ಣ ಕಲಸಿದವರ ಕೈಯಂತೆ ಬಿರಿದು, ಗೆಣ್ಣುಗಳಲ್ಲಿ ರಕ್ತ ಒಸರಿತ್ತು.

"ಮಡಿ ಅಲ್ರೀ ಅದು, ಕಾಯಿಲೆ," ಎಂದಳು. "ನನ್ನ ಕೈ ನಾನು ಇನ್ನೂ ಹೆಚ್ಚು ತೊಳಕೋತೀನಿ. ಯಾರಿಗೂ ಹೇಳಬ್ಯಾಡ್ರಿ ಅಂತ ಸುಮಿತ್ರಾಗ ನಾನ ಆಣಿ ಹಾಕ್ಸಿದ್ದೆ."

ಸಂಘದಲ್ಲಿ ಅದನ್ನೆಲ್ಲ ಅಭಿನಯಿಸಿದ್ದ ತನ್ನ ಕೈಗಳನ್ನು ಶಾರದಾ ಸೆರಗಿನೊಳಗೆ ಎಳೆದುಕೊಂಡಳು.

ಉಳಿದದ್ದನ್ನು ಮೇದಿನಿಯೇ ಹೇಳಿದಳು. ಜೊತೆಗೆ ನಿಂತು ತೊಳೆದರೆ ಕಾಯಿಲೆಗೆ ಅನ್ನ ಹಾಕಿದಂತೆ ಎಂದು ಮೇದಿನಿಯ ಡಾಕ್ಟರು ಸುಮಿತ್ರಾಗೆ ತಿಳಿಹೇಳಿದ್ದರಂತೆ. ತಾಯಿಯನ್ನು ಸಮಾಧಾನಪಡಿಸಲು ಮಗುವಿನ ಬೆರಳು ಕೆಂಪಾಗುವಷ್ಟು ಉಜ್ಜಿದೆನಲ್ಲ ಎಂದು ಸುಮಿತ್ರಾ ನಾಚಿ ಅತ್ತಿದ್ದಳಂತೆ. ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ, ಮರಳಿನಲ್ಲಿ ಆಡಿ ಬಂದ ವರ್ಷಿಣಿಯ ಕೈಯನ್ನು ಒಂದೇ ಸಲ ತೊಳೆದು ನಲ್ಲಿ ನಿಲ್ಲಿಸಿದಳು. ಆ ಒದ್ದೆ ಕೈಯನ್ನು ಮೇದಿನಿಯ ಅಂಗೈಯಲ್ಲಿಟ್ಟು, ಅವಳ ಕಣ್ಣು ನಲ್ಲಿಯಿಂದ ಆಚೆ ಹೊರಳುವ ತನಕ ಮೇಲಿಂದ ತನ್ನ ಕೈ ಒತ್ತಿ ಹಿಡಿದಳು. ಆಮೇಲೆ, ಶಾರದಾ ಒಬ್ಬಳಿಗೆ ಹೇಳಲೇ ಎಂದು ಕೇಳಿದಳು. ಮೇದಿನಿ ಹೂಂ ಎಂದಳು.

ಆ ಸೋಮವಾರ ಸಂಜೆ ಬಾಗಿಲು ತಟ್ಟಿದ್ದು ಯಾರೆಂದು ಶಾರದಾಗೆ ಗೊತ್ತಿತ್ತು. ಒಲೆಯ ಮುಂದೆ ಸದ್ದಿಲ್ಲದೆ ನಿಂತಿದ್ದಳು. ಹೊರಗೆ ಸುಮಿತ್ರಾ ಎರಡು ಸಲ ತಟ್ಟಿದಳು, ಒಮ್ಮೆ ಹೆಸರು ಹಿಡಿದು ಕರೆದಳು, ಸ್ವಲ್ಪ ಹೊತ್ತು ಕಾದಳು, ಮೆಟ್ಟಿಲಿಳಿದು ಹೋದಳು.